ನೇತ್ರಾವತಿ–ಫಲ್ಗುಣಿ ನದಿಗಳ ಲಂಗರುದಾಣಗಳು

ನೇತ್ರಾವತಿ–ಫಲ್ಗುಣಿ ನದಿಗಳ ಲಂಗರುದಾಣಗಳು ಎಂದರೆ ದಕ್ಷಿಣ ಕನ್ನಡ ಜಿಲ್ಲೆಯ ಈ ಎರಡು ನದಿಗಳ ಅಳಿವೆಯಲ್ಲಿ ಮತ್ತು ಅಲ್ಲಿಂದ ಒಳನಾಡಿನ ಕಡೆಗೆ ದೋಣಿ, ಮಂಜಿ, ಉರು ಮೊದಲಾದ ನೌಕೆಗಳು ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ನಿಲ್ಲುತ್ತ ಬಂದಿರುವ ಸ್ಥಳಗಳು. ಲಂಗರು ಇಳಿಸಿ ಅಥವಾ ದಡಕ್ಕೆ ಹಗ್ಗ ಬಿಗಿದು ನೌಕೆ ನಿಲ್ಲಬಹುದಾದ ನೀರಿನ ತಾಣವನ್ನು ಲಂಗರುದಾಣವೆನ್ನುತ್ತಾರೆ. ಮಂಗಳೂರಿನ ಹಳೆಯ ಬಂದರು, ಅದರ ಎದುರಿನ ಬೆಂಗ್ರೆ, ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲ, ಫಲ್ಗುಣಿಯ ದಂಡೆಯ ಗುರುಪುರ, ನೇತ್ರಾವತಿಯ ದಂಡೆಯ ಪಾಣೆಮಂಗಳೂರು ಮತ್ತು ಬಂಟ್ವಾಳ ಇವುಗಳಲ್ಲಿ ಮುಖ್ಯವಾದವು. ಬೆಳ್ತಂಗಡಿ ಮತ್ತು ಮೂಡಬಿದಿರೆಗಳಿಗೆ ಸಮುದ್ರದ ದೋಣಿ ತಲುಪುವುದಿಲ್ಲ. ಆದರೂ ನೇತ್ರಾವತಿಯ ನೆರೆ ಬೆಳ್ತಂಗಡಿಯ ಘಟ್ಟದ ಬುಡದಿಂದ ಬರುವುದರಿಂದಲೂ, ಮೂಡಬಿದಿರೆಯ ವರ್ತಕರ ಸರಕು ಈ ತೀರದಿಂದಲೇ ಹೊರಡುತ್ತಿದ್ದುದರಿಂದಲೂ ಆ ಎರಡು ಊರುಗಳನ್ನು ಬಿಟ್ಟು ಈ ವಿಷಯವನ್ನು ವಿವರಿಸಲಾಗದು.

ಈ ನದಿಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದೇ ಕಡೆ ನಿಶ್ಚಿಂತೆಯಿಂದ ನಿಲ್ಲಬಹುದಾದ ನೈಸರ್ಗಿಕ ತಾಣವಿಲ್ಲ. ಬೇಸಗೆಯಲ್ಲಿ ತೆರೆದ ಕಡಲೂ ಕೆರೆಯಂತೆ ಶಾಂತವಾಗಿರುತ್ತದೆ. ಮಳೆಗಾಲದಲ್ಲಿ ಕಡಲಿನ ತೆರೆಗಳಿಂದ ತಪ್ಪಿಸಿಕೊಳ್ಳಲು ನದಿಯೊಳಗೆ ಹೊಕ್ಕ ನೌಕೆಗೆ ಅಲ್ಲಿ ನೆರೆಯ ಭಯ ಎದುರಾಗುತ್ತದೆ. ತೆರೆ ಮತ್ತು ನೆರೆಗಳ ನಡುವೆ ತಾಣವನ್ನು ಆರಿಸುವುದೇ ಇಲ್ಲಿನ ನಾವಿಕರ ಮುಖ್ಯ ಸಮಸ್ಯೆಯಾಗಿತ್ತು, ಈಗಲೂ ಆಗಿದೆ.

ಭೌಗೋಳಿಕ ಹಿನ್ನೆಲೆ

ನೇತ್ರಾವತಿಯು ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ, ಬೆಳ್ತಂಗಡಿ ತಾಲ್ಲೂಕಿನ ಕಣಿವೆಗಳಲ್ಲಿ ಇಳಿದು, ಧರ್ಮಸ್ಥಳವನ್ನು ಹಾದು ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನದಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಬಂಟ್ವಾಳ, ಪಾಣೆಮಂಗಳೂರು, ತುಂಬೆಗಳ ಮೂಲಕ ಮಂಗಳೂರಿನ ದಕ್ಷಿಣದಲ್ಲಿ ಸಮುದ್ರ ಸೇರುತ್ತದೆ. ಫಲ್ಗುಣಿಗೆ ಗುರುಪುರ ನದಿಯೆಂಬ ಹೆಸರೂ ಇದೆ. ಇದು ವೇಣೂರಿನ ಮೂಲಕ ಹಾದು, ಮೂಡಬಿದಿರೆಯ ದಕ್ಷಿಣದ ಹಳ್ಳಿಗಳನ್ನೂ ಪೊಳಲಿ, ಗುರುಪುರಗಳನ್ನೂ ಮುಟ್ಟಿ, ಕೂಳೂರಿನ ಬಳಿ ಸಮುದ್ರದ ಅತಿ ಸಮೀಪಕ್ಕೆ ಬರುತ್ತದೆ. ಆದರೆ ಅಲ್ಲಿ ಸಮುದ್ರ ಸೇರದೆ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ–ಬೆಂಗ್ರೆ ಎಂಬ ಉದ್ದವಾದ ಮರಳಿನ ಪಟ್ಟಿಯ ಹಿಂದೆ ಕಡಲಿಗೆ ಸಮಾನಾಂತರವಾಗಿ ಹರಿದು, ನೇತ್ರಾವತಿಯ ಬಾಯಿಯಲ್ಲೇ ಕೂಡುತ್ತದೆ. ಎರಡು ನದಿಗಳಿಗೂ ಅಳಿವೆ ಒಂದೇ.

ಈ ಮರಳಿನ ಪಟ್ಟಿಯೇ ಮಂಗಳೂರನ್ನು ಬಂದರನ್ನಾಗಿ ಮಾಡಿತೆನ್ನಬಹುದು. ಪಶ್ಚಿಮದಿಂದ ಬರುವ ತೆರೆಗಳು ಬೆಂಗ್ರೆಯ ಹೊರಮೈಗೆ ಬಡಿದು ಒಡೆಯುತ್ತವೆ. ಒಳಮೈಯಲ್ಲಿ ಫಲ್ಗುಣಿಯ ನೀರು ನಿಶ್ಚಲವಾಗಿರುತ್ತದೆ. ಹಳೆಯ ಬಂದರು ಇರುವುದು ಈ ಒಳಮೈಯ ಪೂರ್ವ ದಂಡೆಯಲ್ಲಿ. ಫಲ್ಗುಣಿಯ ಜಲಾನಯನ ಪ್ರದೇಶವು ನೇತ್ರಾವತಿಯದಕ್ಕಿಂತ ಬಹಳ ಚಿಕ್ಕದಾದ್ದರಿಂದ ಅದರ ನೆರೆಯ ಸೆಳೆತವೂ ಕಡಿಮೆ. ಬಂದರನ್ನು ದೊಡ್ಡ ನದಿಯಲ್ಲಿ ಕಟ್ಟದೆ ಚಿಕ್ಕ ನದಿಯ ದಂಡೆಯಲ್ಲಿ ಕಟ್ಟಿದುದರ ವಿವೇಕ ನಕಾಶೆಯನ್ನು ನೋಡಿದರೆ ತಿಳಿಯುತ್ತದೆ.

ಈ ಅನುಕೂಲದ ಜೊತೆಗೇ ಬಂದ ತೊಂದರೆಯೆಂದರೆ ಅಳಿವೆಯ ಬಾಯಿಯ ಮರಳುದಿಬ್ಬ. ನದಿ ತಂದ ಮರಳು ಮತ್ತು ಕಡಲು ತಳ್ಳಿದ ಮರಳು ಎರಡೂ ಅಲ್ಲಿ ಸಂಧಿಸಿ ನೀರಿನ ಆಳವನ್ನು ಕಡಿಮೆ ಮಾಡುತ್ತವೆ. ದಿಬ್ಬದ ಜಾಗವೂ ಎತ್ತರವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಈ ಕಾರಣದಿಂದ ದೊಡ್ಡ ಹಡಗುಗಳು ಹಿಂದೆಯೂ ಒಳಗೆ ಬರಲಾರದೆ ಕಡಲಿನಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ಸರಕನ್ನು ಚಿಕ್ಕ ದೋಣಿಗಳು ಹೊತ್ತು ಸಾಗಿಸುತ್ತಿದ್ದವು.

ಋತುಮಾನ

ನೈಋತ್ಯ ಮಾರುತವು ಸಾಮಾನ್ಯವಾಗಿ ಜೂನ್ ತಿಂಗಳ ಮೊದಲ ವಾರದಲ್ಲಿ ಈ ತೀರವನ್ನು ಮುಟ್ಟುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಈ ಅವಧಿಯಲ್ಲಿ ಹೊರಗಡಲಿನ ತೆರೆಗಳು ಮೂರು ಮೀಟರ್ ಮೀರುವುದು ಸಾಮಾನ್ಯ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹವೆ ಹಿತಕರವಾಗಿರುತ್ತದೆ: ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಮೆಲುಗಾಳಿ, ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ ಗಾಳಿ. ಪಾಯಿದೋಣಿಗಳ ಕಾಲದಲ್ಲಿ ಬೆಳಗಿನ ನೆಲಗಾಳಿಯಲ್ಲಿ ಹೊರಟು ಸಂಜೆಯ ಕಡಲಗಾಳಿಯಲ್ಲಿ ಮರಳುವುದು ರೂಢಿಯಾಗಿತ್ತು.

ಇವೆರಡರ ನಡುವಿನ ಸಂಧಿಕಾಲವೇ ಮೋಸದ್ದು. ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಮೇ–ಜೂನ್‌ನಲ್ಲಿ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಹುಟ್ಟುತ್ತವೆ. ಮಳೆಗಾಲ ಇನ್ನೂ ಬಂದಿಲ್ಲವೆಂದು ಹೊರಗಡಲಿನಲ್ಲೇ ಉಳಿದ ನೌಕೆ ಮೇ ತಿಂಗಳಲ್ಲಿ ಸಿಕ್ಕಿಬೀಳುವುದುಂಟು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಸಂದರ್ಭದಲ್ಲಿ ನವಮಂಗಳೂರು ಬಂದರಿನ ಹೊರಗಿದ್ದ ಎರಡು ಟಗ್ಗುಗಳು ಅಪಾಯಕ್ಕೀಡಾದವು. ‘ಅಲಯನ್ಸ್’ ಎಂಬುದು ಮಗುಚಿ ಪ್ರಾಣಹಾನಿಯಾಯಿತು. ‘ಕೋರಮಂಡಲ್ ಸಪೋರ್ಟರ್ 9’ ಎಂಬುದು ಮಂಗಳೂರಿನ ಉತ್ತರಕ್ಕೆ ಕಡಲಿನ ಬಂಡೆಗಳ ಮೇಲೆ ಸಿಲುಕಿ, ಅದರಲ್ಲಿದ್ದ 9 ಮಂದಿಯನ್ನು ಮೇ 17ರಂದು ನೌಕಾಪಡೆ ಮತ್ತು ತಟರಕ್ಷಣಾ ಪಡೆಗಳು ಪಾರುಮಾಡಿದವು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ನೀರು ತುಂಬಿಕೊಂಡು ಉಳ್ಳಾಲದ ಎದುರು ಮುಳುಗಿತು. ಅದರಲ್ಲಿದ್ದ 15 ಮಂದಿ ಸಿರಿಯಾದ ನಾವಿಕರನ್ನು ತಟರಕ್ಷಣಾ ಪಡೆ ರಕ್ಷಿಸಿತು. ಈ ಮೂರೂ ಘಟನೆಗಳು ನಡೆದುದು ಮೇ ನಡುವಿನಿಂದ ಜೂನ್ ಕೊನೆಯವರೆಗಿನ ಅವಧಿಯಲ್ಲಿ ಎಂಬುದನ್ನು ಗಮನಿಸಬೇಕು.

ನಿಯಮಗಳೂ ಈ ಪಂಚಾಂಗವನ್ನೇ ಅನುಸರಿಸುತ್ತವೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಇದರ ಮುಖ್ಯ ಉದ್ದೇಶ ಮೀನಿನ ಸಂತಾನೋತ್ಪತ್ತಿಯಾದರೂ ಜೀವರಕ್ಷಣೆಯೂ ಅದರೊಡನೆ ಆಗುತ್ತದೆ. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳ ಸಂಚಾರ ಮೇ ನಡುಭಾಗದಿಂದ ಸೆಪ್ಟೆಂಬರ್ ನಡುಭಾಗದವರೆಗೆ ನಿಲ್ಲುತ್ತದೆ. ಮೀನುಗಾರಿಕೆಗೆ ಮತ್ತೆ ಹೊರಡುವ ಮುನ್ನ ಮೊಗವೀರರು ಶ್ರಾವಣದ ಹುಣ್ಣಿಮೆಯ ಸುಮಾರಿಗೆ ಕಡಲಿಗೆ ಹಾಲೆರೆದು ಸಮುದ್ರಪೂಜೆ ಮಾಡುತ್ತಾರೆ.

ಚರಿತ್ರೆ

ಅಳಿವೆಯ ಒಳಗೆ ನಿಂತು ಮಳೆಗಾಲವನ್ನು ಕಳೆಯುವ ಪದ್ಧತಿ ಬಹಳ ಹಳೆಯದು. 6ನೆಯ ಶತಮಾನದ ಗ್ರೀಕ್ ಪ್ರವಾಸಿ ಕಾಸ್ಮಾಸನು ಮೆಣಸಿನ ಬಂದರುಗಳಲ್ಲಿ ಒಂದಾಗಿ ‘ಮಂಗರೂತ್’ ಎಂಬ ಹೆಸರನ್ನು ಹೇಳಿದ್ದಾನೆ. ಇದನ್ನು ಮಂಗಳೂರೆಂದು ಗುರುತಿಸಲಾಗಿದೆ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು 1132ರ ಸುಮಾರಿಗೆ ಬಂದು 1149ರವರೆಗೆ ಮಂಗಳೂರಿನಲ್ಲಿ ನೆಲೆಸಿದ್ದನು. ಕೈರೋ ನಗರದ ಗೆನಿಝಾ ಸಂಗ್ರಹದಲ್ಲಿ ಉಳಿದಿರುವ ಅವನ ಪತ್ರಗಳ ವ್ಯವಹಾರವೆಲ್ಲ ಮಾರುತಗಳ ಗತಿಗೆ ಹೊಂದಿಕೊಂಡಿತ್ತು. ಏಡನ್‌ನಿಂದ ಹೊರಟ ಹಡಗು ತಡವಾದರೆ ಇಡೀ ಒಂದು ವರ್ಷದ ವ್ಯಾಪಾರವೇ ಕೈತಪ್ಪುತ್ತಿತ್ತು.

1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತನು ‘ಮಂಜರೂರು’ ಮಲಬಾರಿನಲ್ಲೇ ಅತಿ ದೊಡ್ಡ ಅಳಿವೆಯ ಮೇಲಿದೆಯೆಂದೂ, ಫಾರ್ಸ್ ಮತ್ತು ಯಮನ್ ದೇಶಗಳ ಹೆಚ್ಚಿನ ವರ್ತಕರು ಇಲ್ಲಿಯೇ ಇಳಿಯುತ್ತಾರೆಂದೂ ಬರೆದಿದ್ದಾನೆ. ಅವನು ಊರಿನ ಗಾತ್ರಕ್ಕಿಂತ ಮೊದಲು ಅಳಿವೆಯನ್ನು ಗಮನಿಸಿದುದು ಸಹಜವೇ. ಹಡಗಿನಲ್ಲಿ ಬಂದವನ ಕಣ್ಣಿಗೆ ಮೊದಲು ಬೀಳುವುದು ನಿಲ್ಲಲು ಜಾಗವಿದೆಯೇ ಎಂಬುದು.

ಕಡಲಿನಿಂದ ಸುಮಾರು 35 ಕಿ.ಮೀ. ಒಳಗಿರುವ ಮೂಡಬಿದಿರೆಯ ಜೈನ ವರ್ತಕರೂ ಈ ವ್ಯಾಪಾರದಲ್ಲಿ ಪಾಲುಗೊಂಡಿದ್ದರು. 1430ರಲ್ಲಿ ನಿರ್ಮಾಣಗೊಂಡ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಅಂದರೆ ಸಾವಿರ ಕಂಬದ ಬಸದಿಯ ಮಂಟಪವೊಂದರ ತಳಭಾಗದಲ್ಲಿ ಜಿರಾಫೆ ಮತ್ತು ಚೀನೀ ಡ್ರ್ಯಾಗನ್‌ಗಳ ಕೆತ್ತನೆಗಳನ್ನು ಗುರುತಿಸಲಾಗಿದೆ. ತುಳುನಾಡಿನ ಶಿಲ್ಪಿ ಆಫ್ರಿಕದ ಪ್ರಾಣಿಯನ್ನು ಕಲ್ಲಿನಲ್ಲಿ ಮೂಡಿಸಬೇಕಾದರೆ ಕಡಲಾಚೆಯ ಸುದ್ದಿ ಘಟ್ಟದ ತಪ್ಪಲಿನವರೆಗೂ ತಲುಪಿದ್ದಿರಬೇಕು.

ಹೈದರಾಲಿ ಮಂಗಳೂರನ್ನು ವಶಪಡಿಸಿಕೊಂಡ ಬಳಿಕ ಇಲ್ಲಿ ನೌಕಾ ನಿರ್ಮಾಣಕ್ಕೆ ಪ್ರಾಮುಖ್ಯ ದೊರೆಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯು ಫಲ್ಗುಣಿಯನ್ನು ಪ್ರವೇಶಿಸುವ ಶತ್ರುನೌಕೆಗಳ ಮೇಲೆ ಕಣ್ಣಿಡಲು ನಿರ್ಮಿಸಿದ ಕಾವಲುಗೋಪುರ. ಕಡಲನ್ನು ಬಿಟ್ಟು ನದಿಯ ದಂಡೆಯಲ್ಲಿ ಅದನ್ನು ಕಟ್ಟಿಸಿದುದರಿಂದ, ಕಾಪಾಡಬೇಕಾಗಿದ್ದುದು ಬೆಂಗ್ರೆಯ ಹಿಂದಿನ ಲಂಗರುದಾಣವನ್ನೇ ಎಂದು ಊಹಿಸಬಹುದು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಎರಡೂ ನದಿಗಳ ದಂಡೆಗಳಲ್ಲಿ ಕಾರ್ಖಾನೆಗಳು ಎದ್ದವು. ಆವೆಮಣ್ಣು ಮತ್ತು ಸೌದೆ ದೋಣಿಯಲ್ಲೇ ಬರುತ್ತಿದ್ದವು. ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು.

ಬಂಟ್ವಾಳ: ನದಿ ಬಂದರು ಮತ್ತು ನೆರೆ

ಬಂಟ್ವಾಳವು ನೇತ್ರಾವತಿಯಲ್ಲಿ ಸರಕಿನ ದೋಣಿಗಳು ಏರಿ ಬರುತ್ತಿದ್ದ ಹಾದಿಯ ಕೊನೆಯ ದೊಡ್ಡ ಪೇಟೆ. ಮೇಲಕ್ಕೆ ಹೋದಂತೆ ಬಂಡೆಗಳೂ ರಭಸವೂ ಹೆಚ್ಚು. ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಯ ಮೂಲಕ ಎತ್ತಿನ ಗಾಡಿಗಳಲ್ಲಿ ಬರುತ್ತಿದ್ದ ಮೈಸೂರು ಸೀಮೆಯ ಕಾಫಿ ಮೊದಲಾದ ಉತ್ಪನ್ನಗಳು ಇಲ್ಲಿ ದೋಣಿಗೆ ಏರುತ್ತಿದ್ದವು. ಕಡಲ ತೀರದಿಂದ ಉಪ್ಪು, ಒಣಮೀನು ಮೊದಲಾದವು ಮೇಲಕ್ಕೆ ಬರುತ್ತಿದ್ದವು. ಎದುರು ದಂಡೆಯ ಪಾಣೆಮಂಗಳೂರು ಇದರ ಜೋಡಿ ಪೇಟೆ. ಬಂಟ್ವಾಳದ ಹಳೆಯ ಪೇಟೆ ನದಿಗೆ ಅಷ್ಟು ಒತ್ತಾಗಿ ಬೆಳೆದುದಕ್ಕೆ ಈ ದೋಣಿಗಳೇ ಕಾರಣ.

ಅಲೆಗಳ ದೃಷ್ಟಿಯಿಂದ ಬಂಟ್ವಾಳಕ್ಕಿಂತ ಸುರಕ್ಷಿತ ತಾಣವಿಲ್ಲ. ಕಡಲಿನ ತೆರೆ ಅಲ್ಲಿಗೆ ತಲುಪುವುದೇ ಇಲ್ಲ. ಆದರೆ ನೆರೆಯ ದೃಷ್ಟಿಯಿಂದ ಅಷ್ಟೇ ಅಪಾಯಕರ. 1923ರ ನೆರೆಯನ್ನು ತುಳುವಿನಲ್ಲಿ ‘ಮಾರಿಬೊಳ್ಳ’ ಎಂದು ಕರೆಯುತ್ತಾರೆ; ‘ಬೊಳ್ಳ’ವೆಂದರೆ ನೆರೆ. ಆ ವರ್ಷ ಬಂಟ್ವಾಳ ಮತ್ತು ಪಾಣೆಮಂಗಳೂರುಗಳು ಅಪಾರ ಹಾನಿ ಅನುಭವಿಸಿದವು. 1974ರ ಜುಲೈಯಲ್ಲಿ ಬಂದ ನೆರೆ ಬಂಟ್ವಾಳ ಪೇಟೆಯನ್ನು ಮತ್ತೆ ಮುಳುಗಿಸಿತು. ಹಿರಿಯರು ಇಂದಿಗೂ ಕಾಲವನ್ನು ‘ನೆರೆಗೆ ಮೊದಲು’, ‘ನೆರೆಯ ನಂತರ’ ಎಂದು ಲೆಕ್ಕ ಹಾಕುವುದುಂಟು.

ಈ ನೆರೆಗಳ ಮೂಲ ಬೆಳ್ತಂಗಡಿಯ ಕಡೆಯ ಘಟ್ಟಗಳು. ಇಳಿಜಾರು ಕಡಿದಾಗಿರುವುದರಿಂದ ಮಳೆಯ ನೀರು ಕೆಲವೇ ಗಂಟೆಗಳಲ್ಲಿ ನದಿಗೆ ಬಂದು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಸುತ್ತಲಿನ ಘಟ್ಟಗಳಲ್ಲಿ ಗುಡ್ಡಗಳು ಕುಸಿದು, ಬುಡಮೇಲಾದ ಮರಗಳು, ಬಂಡೆಗಳು ಮತ್ತು ಕೆಸರು ಹೊಳೆಗಳಲ್ಲಿ ತೇಲಿ ಬಂದವು. ಕೆಳಗೆ ಲಂಗರು ಹಾಕಿದ ದೋಣಿಗೆ ನೀರಿಗಿಂತಲೂ ಭಯಂಕರವಾದುದು ಈ ತೇಲುಮರಗಳು. ಲಂಗರಿನ ಹಗ್ಗಕ್ಕೆ ಒಂದು ಮರ ಅಡ್ಡ ಸಿಕ್ಕಿದರೆ ಅದರ ಮೇಲೆ ಕಸಕಡ್ಡಿ ಸೇರಿ, ಸೆಳೆತದ ಭಾರ ಹಲವು ಪಟ್ಟು ಹೆಚ್ಚಿ, ಹಗ್ಗ ಕಡಿಯುತ್ತದೆ ಅಥವಾ ಲಂಗರು ಕಿತ್ತು ಬರುತ್ತದೆ.

ನೆರೆಯ ಮುನ್ಸೂಚನೆಗೆ ಒಂದು ಸ್ಥಳೀಯ ಗುರುತಿದೆ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯದ ಮುಂದೆ ನೇತ್ರಾವತಿ ಮತ್ತು ಕುಮಾರಧಾರಾ ನದಿಗಳ ನೀರು ಉಕ್ಕಿ ಒಂದಾಗುವುದನ್ನು ‘ಸಂಗಮ’ವೆನ್ನುತ್ತಾರೆ, ಆಗ ಗಂಗಾಪೂಜೆ ನಡೆಯುತ್ತದೆ. ಉಪ್ಪಿನಂಗಡಿಯು ಬಂಟ್ವಾಳಕ್ಕಿಂತ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಮೇಲಿದೆ. ಅಲ್ಲಿ ಸಂಗಮವಾಯಿತೆಂಬ ಸುದ್ದಿ ಬಂದರೆ ಕೆಳಗಿನ ದಂಡೆಯವರಿಗೆ ಸಾಮಾನು ಎತ್ತರಕ್ಕೆ ಏರಿಸಲು, ದೋಣಿಗೆ ಇನ್ನೊಂದು ಹಗ್ಗ ಬಿಗಿಯಲು ಕೆಲವು ಗಂಟೆಗಳ ಅವಕಾಶ ದೊರೆಯುತ್ತದೆ. ಬಂಟ್ವಾಳದಲ್ಲಿ ನದಿಯ ಅಪಾಯದ ಮಟ್ಟವನ್ನು 8.5 ಮೀಟರ್ ಎಂದು ನಿಗದಿಪಡಿಸಲಾಗಿದೆ.

ತಾಣದ ಆಯ್ಕೆ

ದೀರ್ಘಕಾಲ ನಿಲ್ಲುವ ನೌಕೆಗೆ ತಾಣವನ್ನು ಆರಿಸುವಾಗ ಆಳ, ತಳ, ಮರೆ, ಸೆಳೆತ ಮತ್ತು ಹೊರದಾರಿ ಇವುಗಳನ್ನು ನೋಡಬೇಕಾಗುತ್ತದೆ. ಎಲ್ಲ ದೇಶಗಳ ನಾವಿಕರಿಗೂ ಇವು ಸಾಮಾನ್ಯವಾದರೂ ಈ ನದಿಗಳಲ್ಲಿ ಅವುಗಳ ಲೆಕ್ಕ ಬೇರೆಯಾಗುತ್ತದೆ.

ಆಳವನ್ನು ಇಳಿತದಲ್ಲಿ ಅಳೆಯಬೇಕು. ಲಂಗರಿನ ಸರಪಳಿಯ ಉದ್ದವನ್ನು ಉಬ್ಬರದ ಆಳಕ್ಕೆ ಲೆಕ್ಕ ಹಾಕಬೇಕು. ನೀರಿನ ಆಳಕ್ಕೆ ನೌಕೆಯ ಮೂತಿಯ ಎತ್ತರವನ್ನು ಕೂಡಿಸಿ, ಅದರ ಐದು ಪಟ್ಟು ಸರಪಳಿಯನ್ನೂ, ಹಗ್ಗವಾದರೆ ಏಳು ಪಟ್ಟನ್ನೂ ಬಿಡುವುದು ರೂಢಿ. ಸರಪಳಿ ಉದ್ದವಿದ್ದಷ್ಟೂ ಎಳೆತವು ತಳಕ್ಕೆ ಸಮಾನಾಂತರವಾಗಿದ್ದು ಲಂಗರು ಮಣ್ಣಿನೊಳಗೆ ಹೂಳುತ್ತದೆ. ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಕೀಳುತ್ತದೆ. ಉದಾಹರಣೆಗೆ, 4 ಮೀಟರ್ ಆಳದಲ್ಲಿ ಮೂತಿ 1 ಮೀಟರ್ ಎತ್ತರವಿರುವ ದೋಣಿಗೆ 25 ಮೀಟರ್ ಸರಪಳಿ ಸಾಕು. ಆದರೆ ಅದೇ ದೋಣಿ ಬಂಟ್ವಾಳದಂತಹ ಮೇಲಿನ ತಾಣದಲ್ಲಿದ್ದು ನೆರೆಯಲ್ಲಿ ನದಿ 4 ಮೀಟರ್ ಏರಿದರೆ, ಒಟ್ಟು ಎತ್ತರ 9 ಮೀಟರ್ ಆಗಿ, ಅದೇ 25 ಮೀಟರ್ ಸರಪಳಿ ಮೂರು ಪಟ್ಟಿಗೂ ಕಡಿಮೆಯಾಗುತ್ತದೆ. ಸೆಳೆತ ಅತ್ಯಂತ ಹೆಚ್ಚಾಗಿರುವಾಗಲೇ ಹಿಡಿತ ಅತ್ಯಂತ ದುರ್ಬಲವಾಗುವುದು ಹೀಗೆ. ನದಿಯಲ್ಲಿ ಸರಪಳಿಯನ್ನು ಆ ದಿನದ ಆಳಕ್ಕೆ ಬಿಡದೆ ನೆರೆಯ ಮಟ್ಟಕ್ಕೆ ಲೆಕ್ಕ ಹಾಕಿ ಬಿಡಬೇಕು. ಅಳಿವೆಯ ಸಮೀಪದಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ನೆರೆಯ ನೀರು ಕಡಲಿಗೆ ಹರಡುವುದರಿಂದ ಮಟ್ಟ ಅಷ್ಟು ಏರದು, ಉಬ್ಬರವಿಳಿತದ ವ್ಯತ್ಯಾಸವೂ ಸುಮಾರು ಒಂದೂವರೆ ಮೀಟರಿನೊಳಗೇ ಇರುತ್ತದೆ.

ತಳವು ಜೇಡಿಮಣ್ಣು ಅಥವಾ ಗಟ್ಟಿ ಕೆಸರಾಗಿದ್ದರೆ ಲಂಗರು ಚೆನ್ನಾಗಿ ಕಚ್ಚುತ್ತದೆ, ಮರಳಿನಲ್ಲಿಯೂ ಹಿಡಿಯುತ್ತದೆ. ಬಂಡೆಯ ಮೇಲೆ ಜಾರುತ್ತದೆ. ಮೆತ್ತನೆಯ ಹೂಳಿನಲ್ಲಿ ಬೆಣ್ಣೆಯಲ್ಲಿಟ್ಟ ಕತ್ತಿಯಂತೆ ಸಾಗುತ್ತದೆ. ನೆರೆಯ ಕಾಲದಲ್ಲಿ ತಳವೇ ಕೊಚ್ಚಿಹೋಗುವುದರಿಂದ ಬೇಸಗೆಯಲ್ಲಿ ಪರೀಕ್ಷಿಸಿದ ತಳವನ್ನು ಮಳೆಗಾಲದಲ್ಲಿ ನೆಚ್ಚಿಕೊಳ್ಳಬಾರದು.

ನದಿಯ ತಿರುವಿನ ಹೊರಬದಿಯಲ್ಲಿ ಆಳವೂ ಸೆಳೆತವೂ ಹೆಚ್ಚು. ಒಳಬದಿಯಲ್ಲಿ ನೀರು ಶಾಂತ, ಆದರೆ ಮರಳು ತುಂಬುತ್ತದೆ. ನದಿಯ ನಡುವಿನ ಕುದ್ರುಗಳ ಕೆಳಬದಿ ಸೆಳೆತದಿಂದ ಮರೆಯಾಗಿರುತ್ತದೆ. ಅಳಿವೆಯ ಬಳಿ ಉಬ್ಬರದಲ್ಲಿ ನೀರು ಮೇಲಕ್ಕೂ ಇಳಿತದಲ್ಲಿ ಕೆಳಕ್ಕೂ ಹರಿಯುವುದರಿಂದ ನೌಕೆ ದಿನಕ್ಕೆ ಹಲವು ಬಾರಿ ಸುತ್ತು ತಿರುಗುತ್ತದೆ. ಇದಕ್ಕಾಗಿ ಒಂದು ಲಂಗರನ್ನು ಮೇಲ್ಗಡೆಗೂ ಇನ್ನೊಂದನ್ನು ಕೆಳಗಡೆಗೂ ಇಳಿಸುತ್ತಾರೆ. ದಕ್ಕೆಯಲ್ಲಿ ದೋಣಿಗಳನ್ನು ಒಂದರ ಪಕ್ಕ ಒಂದರಂತೆ ಕಟ್ಟುವ ಪದ್ಧತಿಯಲ್ಲಿ ಲಂಗರಿನ ಚಿಂತೆ ಇಲ್ಲವಾದರೂ, ಒಳಗಿನ ಒಂದೇ ಹಗ್ಗ ಕಡಿದರೆ ಇಡೀ ಸಾಲು ಸಡಿಲವಾಗುವ ಅಪಾಯವಿದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಹೊರದಾರಿಯ ವಿಷಯ. ಮಳೆಗಾಲದಲ್ಲಿ ಅಳಿವೆಯ ಮರಳುದಿಬ್ಬದ ಮೇಲೆ ಕಡಲಿನ ತೆರೆ ಒಳಗೆ ನುಗ್ಗುತ್ತಿರುವಾಗ ನದಿಯ ನೆರೆ ಹೊರಗೆ ಹರಿಯುತ್ತಿರುತ್ತದೆ. ಎದುರುಬದುರಾದ ಈ ಎರಡು ಬಲಗಳ ನಡುವೆ ತೆರೆಗಳು ಗೋಡೆಯಂತೆ ಎದ್ದು ಒಡೆಯುತ್ತವೆ, ದೋಣಿಗಳು ಮಗುಚುವುದು ಹೆಚ್ಚಾಗಿ ಅಲ್ಲಿಯೇ. ಅಳಿವೆಯ ಎರಡೂ ಬದಿಗಳಲ್ಲಿ ಕಲ್ಲಿನ ತಡೆಗೋಡೆಗಳನ್ನು ಕಟ್ಟಿದ ಮೇಲೂ ಈ ಅಪಾಯ ಪೂರ್ತಿಯಾಗಿ ಹೋಗಿಲ್ಲ. ಆದ್ದರಿಂದ ಜೂನ್‌ಗೆ ಮೊದಲು ಒಳಗೆ ಬಂದ ನೌಕೆ ಸೆಪ್ಟೆಂಬರ್‌ವರೆಗೆ ಅಲ್ಲಿಯೇ ಇರಬೇಕೆಂದು ಭಾವಿಸಿ ತಾಣವನ್ನು ಆರಿಸಬೇಕು. ಮಳೆಗಾಲದ ನಡುವೆ ಮನಸ್ಸು ಬದಲಾಯಿಸಲು ಅವಕಾಶವಿಲ್ಲ.

ಎತ್ತರದ ಕಂಬವಿರುವ ಪಾಯಿನೌಕೆಗಳಿಗೆ ಸೇತುವೆಗಳೂ ಎಲ್ಲೆಯನ್ನು ಹಾಕಿವೆ. ಮಂಗಳೂರಿಗೆ 1907ರಲ್ಲಿ ರೈಲು ಬಂದಾಗಿನಿಂದ ನೇತ್ರಾವತಿಗೆ ಅಡ್ಡಲಾಗಿ ರೈಲ್ವೆ ಸೇತುವೆಯಿದೆ. ಅದರ ಬಳಿಯೇ ಹೆದ್ದಾರಿಯ ಸೇತುವೆಯೂ ಇದೆ. ಫಲ್ಗುಣಿಗೆ ಕೂಳೂರಿನಲ್ಲಿ ಸೇತುವೆ ಇದೆ. ತುಂಬೆ ಮತ್ತು ಶಂಭೂರಿನ ಅಣೆಕಟ್ಟುಗಳು ನೇತ್ರಾವತಿಯ ದೋಣಿದಾರಿಯನ್ನೂ, ಮರವೂರಿನ ಕಿಂಡಿ ಅಣೆಕಟ್ಟು ಫಲ್ಗುಣಿಯ ದೋಣಿದಾರಿಯನ್ನೂ ತಡೆದಿವೆ. ಬಂಟ್ವಾಳಕ್ಕೆ ಕಡಲಿನಿಂದ ನೇರವಾಗಿ ದೋಣಿಯಲ್ಲಿ ಹೋಗುವುದು ಈಗ ಸಾಧ್ಯವಿಲ್ಲ.

ನೌಕೆಯಲ್ಲಿ ವಾಸ

ನೌಕೆಯಲ್ಲೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಇರುವ ಹವ್ಯಾಸ ಈ ತೀರದಲ್ಲಿ ಬೆಳೆದಿಲ್ಲ. ಇಲ್ಲಿ ನೌಕೆಯಲ್ಲಿ ವಾಸಿಸುವವರು ಕೂಲಿಯ ನಿಮಿತ್ತ ವಾಸಿಸುವವರು: ಮಂಜಿ ಮತ್ತು ಉರುಗಳ ಖಲಾಸಿಗಳು, ಹೊರರಾಜ್ಯಗಳಿಂದ ಬಂದು ಆಳಸಮುದ್ರದ ದೋಣಿಗಳಲ್ಲಿ ದುಡಿಯುವ ಮೀನುಗಾರರು. ಅಡುಗೆ, ನಿದ್ದೆ, ಬಲೆ ಹೆಣೆಯುವುದು ಎಲ್ಲವೂ ದೋಣಿಯ ಮೇಲೆಯೇ ನಡೆಯುತ್ತವೆ.

ಅವರ ನಿತ್ಯದ ತೊಂದರೆ ಕುಡಿಯುವ ನೀರಿನದು. ನಾಲ್ಕೂ ಕಡೆ ನದಿಯಿದ್ದರೂ ಜನವರಿಯಿಂದ ಮೇವರೆಗೆ ಅಳಿವೆಯ ನೀರು ಉಪ್ಪು. ಮಳೆಗಾಲದಲ್ಲಿ ಸಿಹಿಯಾದರೂ ಕೆಂಪುಕೆಸರು. ನೀರನ್ನು ಪೀಪಾಯಿಗಳಲ್ಲಿ ಹೊತ್ತು ತರಬೇಕು, ಮುಚ್ಚಿಡಬೇಕು. ಮಂಗಳೂರು ಮಲೇರಿಯಾಕ್ಕೆ ಹೆಸರಾದ ನಗರವಾದುದರಿಂದ ದೋಣಿಯ ತಳದಲ್ಲಿ, ಹಳೆಯ ಟಯರುಗಳಲ್ಲಿ ನಿಂತ ಮಳೆನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲುವುದು ಆರೋಗ್ಯಕ್ಕೆ ಅಗತ್ಯ.

ಸಿಹಿನೀರಿನಿಂದ ಮರದ ನೌಕೆಗೆ ಒಂದು ಉಪಕಾರವೂ ಇದೆ. ಉಷ್ಣವಲಯದ ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುಗಳು ಹಲಗೆಗಳನ್ನು ಒಳಗಿನಿಂದಲೇ ಟೊಳ್ಳುಮಾಡುತ್ತವೆ. ಹೊರಮೈಗೆ ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ. ಮಳೆಗಾಲದ ಸಿಹಿನೀರಿನಲ್ಲಿ ಕೆಲವು ವಾರ ನಿಂತರೆ ಇವು ಬಹುಮಟ್ಟಿಗೆ ಸಾಯುತ್ತವೆ. ಉಳಿದುದಕ್ಕೆ ಮೀನೆಣ್ಣೆ, ಸುಣ್ಣ, ರಾಳ, ಗೇರುಬೀಜದ ಸಿಪ್ಪೆಯ ಎಣ್ಣೆಗಳ ಲೇಪವಿತ್ತು. ದೋಣಿಯನ್ನು ದಡಕ್ಕೆಳೆದು, ಮಡಲಿನ ಚಪ್ಪರ ಹಾಕಿ, ಮಳೆಗಾಲವಿಡೀ ದುರಸ್ತಿ ಮಾಡುವುದು ಚಿಕ್ಕ ದೋಣಿಗಳವರ ಕ್ರಮ. ಅದೇ ಅತ್ಯಂತ ಸುರಕ್ಷಿತ ಲಂಗರುದಾಣವೆಂದು ಹೇಳಿದರೂ ತಪ್ಪಾಗದು.

ಕರಾವಳಿಯ ಇತರ ತಾಣಗಳು

ಸುಮಾರು 300 ಕಿ.ಮೀ. ಉದ್ದದ ಕರ್ನಾಟಕದ ಕರಾವಳಿಯಲ್ಲಿ ಹೆಚ್ಚಿನ ಬಂದರುಗಳೂ ಅಳಿವೆ ಬಂದರುಗಳೇ: ಶಾಂಭವಿ ಮತ್ತು ನಂದಿನಿ ಕೂಡುವ ಮೂಲ್ಕಿ, ಉದ್ಯಾವರ ನದಿಯ ಮಲ್ಪೆ, ಸೀತಾ ಮತ್ತು ಸುವರ್ಣಾ ನದಿಗಳ ಹಂಗಾರಕಟ್ಟೆ, ಐದು ನದಿಗಳ ಗಂಗೊಳ್ಳಿ, ಶರಾವತಿಯ ಹೊನ್ನಾವರ, ಅಘನಾಶಿನಿಯ ತದಡಿ. ಎಲ್ಲಕ್ಕೂ ಮರಳುದಿಬ್ಬದ ಕಾಟವಿದೆ. ಕಾರವಾರ ಮಾತ್ರ ಬೇರೆ. ಅಲ್ಲಿನ ಬೈತಖೋಲ ಬಂದರು ಗುಡ್ಡದ ಮರೆಯಲ್ಲಿದ್ದು ಮಳೆಗಾಲದಲ್ಲೂ ಬಳಕೆಗೆ ಬರುತ್ತದೆ. ಅದರ ದಕ್ಷಿಣದ ತೀರ 2005ರಿಂದ ಐಎನ್‌ಎಸ್ ಕದಂಬ ನೌಕಾನೆಲೆಯ ವಶದಲ್ಲಿರುವುದರಿಂದ ಖಾಸಗಿ ನೌಕೆಗಳಿಗೆ ನಿರ್ಬಂಧವಿದೆ. ದಕ್ಷಿಣದಲ್ಲಿ ಕಾಸರಗೋಡಿನ ಚಂದ್ರಗಿರಿ ಅಳಿವೆ ಚಿಕ್ಕ ದೋಣಿಗಳಿಗೆ ಸರಿ. ವಿದೇಶೀ ವಿಹಾರನೌಕೆಗಳು ಸಾಮಾನ್ಯವಾಗಿ ಇವೆಲ್ಲವನ್ನೂ ಬಿಟ್ಟು ಬೋಳ್ಗಾಟಿ ದ್ವೀಪದಲ್ಲಿ ಮರೀನಾ ಇರುವ ಕೊಚ್ಚಿಗೆ ಹೋಗುತ್ತವೆ.

ಉಷ್ಣವಲಯದ ಇತರೆಡೆಗಳೊಡನೆ ಹೋಲಿಕೆ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ರಿಯೋ ಡುಲ್ಸೆ ನದಿಯು ಮಂಗಳೂರಿನ ಅಳಿವೆಯನ್ನು ನೆನಪಿಸುತ್ತದೆ. ಕೆರಿಬಿಯನ್ ಸಮುದ್ರದ ಚಂಡಮಾರುತಗಳ ಕಾಲವಾದ ಜೂನ್‌ನಿಂದ ನವೆಂಬರ್‌ವರೆಗೆ ನೂರಾರು ವಿಹಾರನೌಕೆಗಳು ಅದರ ಒಳಗೆ ತಂಗುತ್ತವೆ. ಅದರ ಬಾಯಲ್ಲೂ ಲಿವಿಂಗ್‌ಸ್ಟನ್ ಎಂಬ ಊರಿನ ಬಳಿ ಮರಳುದಿಬ್ಬವಿದ್ದು, ಆಳವಾದ ನೌಕೆಗಳು ಉಬ್ಬರಕ್ಕಾಗಿ ಕಾಯಬೇಕಾಗುತ್ತದೆ.

ಅಕ್ಷಾಂಶವನ್ನು ನೋಡಿ ತಾಣ ಆರಿಸುವ ಪದ್ಧತಿಯೂ ಇದೆ. ಭೂಮಧ್ಯರೇಖೆಯಿಂದ 5 ಡಿಗ್ರಿಯೊಳಗೆ ಚಂಡಮಾರುತಗಳು ಹುಟ್ಟುವುದು ತೀರ ಅಪರೂಪ. 6 ಡಿಗ್ರಿಯಲ್ಲಿರುವ ಮಲೇಷ್ಯಾದ ಲಂಕಾವಿ ದ್ವೀಪವು ಜನಪ್ರಿಯವಾಗಿರಲು ಇದೂ ಒಂದು ಕಾರಣ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರದಲ್ಲಿ. ಹೆಚ್ಚುಕಡಿಮೆ ಇದೇ ಅಕ್ಷಾಂಶದ, 12 ಡಿಗ್ರಿಯ ಗ್ರೆನಡಾ ದ್ವೀಪವನ್ನು ಚಂಡಮಾರುತದ ದಾರಿಯಿಂದ ಹೊರಗಿದೆಯೆಂದು ನಾವಿಕರು ನಂಬಿದ್ದರು. 2004ರ ಸೆಪ್ಟೆಂಬರ್‌ನಲ್ಲಿ ಐವಾನ್ ಚಂಡಮಾರುತ ಅಲ್ಲಿ ಆಶ್ರಯ ಪಡೆದಿದ್ದ ನೂರಾರು ನೌಕೆಗಳನ್ನು ಹಾಳುಗೆಡವಿತು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತವು ಪಕ್ಕದ ಕಾರಿಯಾಕೂ ದ್ವೀಪವನ್ನು ಅಪ್ಪಳಿಸಿತು. ಅಲ್ಲಿನ ಕಾಂಡ್ಲಾಕಾಡಿನ ಕೊಲ್ಲಿಯಲ್ಲಿ ಹಗ್ಗ ಬಿಗಿದು ನಿಲ್ಲಿಸಿದ್ದ ನೌಕೆಗಳೂ ಹಾನಿಗೊಂಡವು.

ಈಗಿನ ಸ್ಥಿತಿ

ದೊಡ್ಡ ಹಡಗುಗಳ ಸಮಸ್ಯೆಯನ್ನು ನವಮಂಗಳೂರು ಬಂದರು ಬಗೆಹರಿಸಿತು. ಪಣಂಬೂರಿನಲ್ಲಿ ನೆಲವನ್ನು ಅಗೆದು ಕಡಲನ್ನು ಒಳಗೆ ತಂದು ನಿರ್ಮಿಸಿದ ಈ ಬಂದರನ್ನು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಇದು ಸರ್ವಋತು ಬಂದರು.

ಹಳೆಯ ಬಂದರು ಮೀನುಗಾರಿಕೆಗೂ ಲಕ್ಷದ್ವೀಪದ ವ್ಯಾಪಾರಕ್ಕೂ ಉಳಿದಿದೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುದರಿಂದ ಈ ಸಂಬಂಧ ಹಳೆಯದು. ಜೂನ್ ತಿಂಗಳ ಮೊದಲ ವಾರದೊಳಗೆ ಮೀನುಗಾರಿಕೆ ದೋಣಿಗಳೆಲ್ಲ ಒಮ್ಮೆಗೇ ಫಲ್ಗುಣಿಯೊಳಗೆ ಬಂದು ಸೇರುತ್ತವೆ. ದಕ್ಕೆಯ ಉದ್ದ ಸಾಲದೆ ದೋಣಿಗಳನ್ನು ನದಿಯ ಅಡ್ಡಕ್ಕೆ ಸಾಲುಸಾಲಾಗಿ ಕಟ್ಟಲಾಗುತ್ತದೆ. ಕೆಲವನ್ನು ಎದುರಿನ ಬೆಂಗ್ರೆಯ ದಂಡೆಗೆ ಒಯ್ಯುತ್ತಾರೆ. ಹೂಳಿನಿಂದ ಇಳಿತದಲ್ಲಿ ಕೆಲವು ದೋಣಿಗಳ ತಳ ನೆಲಕ್ಕೆ ತಾಗುತ್ತದೆ. ಎರಡು ತಿಂಗಳು ಪ್ರತಿ ಸಾಲಿಗೂ ಕಾವಲಿನವರು ಇರುತ್ತಾರೆ. ನೆರೆ ಏರಿದ ರಾತ್ರಿಗಳಲ್ಲಿ ಹಗ್ಗಗಳನ್ನು ಸಡಿಲಿಸುವುದು, ಇಳಿದಾಗ ಮತ್ತೆ ಬಿಗಿಯುವುದು ಅವರ ಕೆಲಸ.